ಡ್ಯಾನ್ ಹೊರಟರು, ಜುಟ್ಟು ಕಂಪನಿ ಕೈಯಲ್ಲೇ ಉಳಿಯಿತು: ಸ್ಟೀಮಿಟ್ ಪ್ರಕರಣ

2017ರ ಮಾರ್ಚ್‌ನಲ್ಲಿ ಡ್ಯಾನ್ ಲ್ಯಾರಿಮರ್, ಸ್ಟೀಮಿಟ್ ಅನ್ನೋ ಬರಹದ ತಾಣ ನಡೆಸುತ್ತಿದ್ದ ಅದೇ ಹೆಸರಿನ ಕಂಪನಿಗೆ ರಾಜೀನಾಮೆ ಕೊಟ್ಟರು. ಸುದ್ದಿ ತಿಳಿಸಿದ್ದು ಸ್ಟೀಮಿಟ್‌ನಲ್ಲೇ, ಒಂದು ಪೋಸ್ಟ್ ಹಾಕಿ. ಅಲ್ಲಿ ಯಾವ ಪೋಸ್ಟ್ ಹಾಕಿದರೂ ಜನ ವೋಟ್ ಹಾಕಬಹುದು, ವೋಟಿಗೆ ತಕ್ಕ ಹಾಗೆ ಬರೆದವರ ಖಾತೆಗೆ ದುಡ್ಡು ಬರುತ್ತೆ. ಕೆಲಸ ಬಿಟ್ಟ ಪತ್ರಕ್ಕೂ ಸಂಭಾವನೆ ಸಿಗಬಹುದಾದ ಜಾಗ ಪ್ರಪಂಚದಲ್ಲಿ ಬಹುಶಃ ಅದೊಂದೇ ಇತ್ತು.

ಡ್ಯಾನ್ ಅಲ್ಲಿ ಬರೀ ನೌಕರ ಅಲ್ಲ. ನೆಡ್ ಸ್ಕಾಟ್ ಜೊತೆ ಸೇರಿ ಕಂಪನಿ ಕಟ್ಟಿದವರು, ಅದರ ಸಿಟಿಒ (ತಂತ್ರಜ್ಞಾನದ ಮುಖ್ಯಸ್ಥ), ಆ ತಾಣದ ಬೆನ್ನಿಗಿದ್ದ ಸ್ಟೀಮ್ ಬ್ಲಾಕ್‌ಚೈನಿನ (ಎಷ್ಟೋ ಕಂಪ್ಯೂಟರುಗಳು ಸೇರಿ ಇಡುವ ಬಹಿರಂಗ ಲೆಕ್ಕದ ಪುಸ್ತಕದ) ತಲೆ ಅವರದ್ದೇ. ಆಗ ಆ ಚೈನಿಗೆ ಹೆಚ್ಚು ಕಡಿಮೆ ಒಂದು ವರ್ಷ. ಬರೆದವರಿಗೆ ಮೊದಲ ಸಲ ದುಡ್ಡು ಬಂದು ಒಂಬತ್ತು ತಿಂಗಳೂ ಆಗಿರಲಿಲ್ಲ.

‘ಸಂಸ್ಥಾಪಕ ಕೈ ಎತ್ತಿದ, ಕಾಯಿನ್ ಮುಳುಗಿತು’ ಅನ್ನೋ ಕತೆ ಕ್ರಿಪ್ಟೋದಲ್ಲಿ ಬೇಕಾದಷ್ಟಿದೆ. ಸ್ಟೀಮ್‌ನಲ್ಲಿ ಹಾಗಾಗಲಿಲ್ಲ. ಅವರು ಹೊರಟಾಗ ಒಂದು ಸ್ಟೀಮ್‌ಗೆ (ಆ ಚೈನಿನ ಕಾಯಿನ್ ಹೆಸರೂ ಅದೇ) ಹತ್ತು ಸೆಂಟ್ ಆಸುಪಾಸು ಇತ್ತು, ಜೂನ್ ಹೊತ್ತಿಗೆ 2 ಡಾಲರ್ ದಾಟಿತ್ತು! ಅದು ಸ್ಟೀಮ್‌ನ ಸ್ವಂತ ಸಾಧನೆಯೇನೂ ಅಲ್ಲ, ಆ ವರ್ಷ ಇಡೀ ಮಾರುಕಟ್ಟೆಯೇ ಹುಚ್ಚು ಹಿಡಿದ ಹಾಗೆ ಏರುತ್ತಿತ್ತು. ಆದರೂ ಬೆಲೆ ನೋಡಿದವರಿಗೆ ‘ಡ್ಯಾನ್ ಹೋದರೆ ಏನಂತೆ, ಎಲ್ಲಾ ಚೆನ್ನಾಗಿದೆ’ ಅನ್ನಿಸಿತು. ಸಮುದಾಯ ಒಡೆದು ಎರಡಾಗಿದ್ದು ಮೂರು ವರ್ಷ ಕಳೆದ ಮೇಲೆ. ಅದರ ಬೀಜ ಮಾತ್ರ ಡ್ಯಾನ್ ಇದ್ದಾಗಲೇ ಬಿದ್ದಿತ್ತು, ಅವರು ಹೋಗುವಾಗಲೂ ಹಾಗೇ ಇತ್ತು. ಎಲ್ಲರೂ ಹೋಗುತ್ತಿರುವವರ ಬೆನ್ನು ನೋಡುತ್ತಾ ನಿಂತರು, ಗಂಟು ಯಾರ ಹತ್ತಿರ ಉಳಿಯಿತು ಅಂತ ತಿರುಗಿ ನೋಡಿದವರು ಕಡಿಮೆ. ನನ್ನ ವಾದ ಇಷ್ಟೇ, ಅದಕ್ಕೆ ಪೂರ್ತಿ ಕತೆ ಬೇಕು.

ಶುರುವಾದ ಬಗೆ

ಸ್ಟೀಮ್ ಬ್ಲಾಕ್‌ಚೈನ್ ಶುರುವಾಗಿದ್ದು 2016ರ ಮಾರ್ಚ್ 24ಕ್ಕೆ. ಬಿಟ್‌ಕಾಯಿನ್ ತರಹವೇ ಮೊದಲು ಮೈನಿಂಗ್, ಅಂದರೆ ಕಂಪ್ಯೂಟರ್ ದುಡಿಸಿ ಹೊಸ ಕಾಯಿನ್ ಗಳಿಸುವುದು, ಇತ್ತು. ಯಾರು ಬೇಕಾದರೂ ಮೈನ್ ಮಾಡಬಹುದು ಅಂತ ಹೇಳಿದರು, ಆದರೆ ಹೇಗೆ ಮಾಡಬೇಕು ಅನ್ನೋದು ಹೊರಗಿನವರಿಗೆ ಸರಿಯಾಗಿ ಅರ್ಥವಾಗುವಷ್ಟರಲ್ಲಿ ಕಂಪನಿಯೇ ಬಹುಪಾಲು ಬಾಚಿಕೊಂಡಿತ್ತು. ಸುಮಾರು 80% ಅಂತ ಲೆಕ್ಕ. ಇದನ್ನು ಆಮೇಲೆ ಎಲ್ಲರೂ ‘ನಿಂಜಾ ಮೈನಿಂಗ್’ ಅಂತಲೇ ಕರೆದರು. ಕಂಪನಿ ಹೇಳಿದ್ದು ಇದು: ಈ ಪಾಲು ನಮ್ಮ ಜೇಬಿಗಲ್ಲ, ಸ್ಟೀಮ್ ಬೆಳೆಸುವುದಕ್ಕೆ, ಹೊಸಬರಿಗೆ ಖಾತೆ ಮಾಡಿ ಕೊಡುವುದಕ್ಕೆ, ಸಾಫ್ಟ್‌ವೇರ್ ಕೆಲಸಕ್ಕೆ. ಚೈನ್ ನಡೆಸುವವರನ್ನು ಆರಿಸುವ ವೋಟಿನಲ್ಲೂ ಇದನ್ನು ಬಳಸುವುದಿಲ್ಲ ಅಂತ ಜನ ನಂಬಿದ್ದರು. ಈ ಯಾವ ಮಾತೂ ಕೋಡ್‌ನಲ್ಲಿ ಇರಲಿಲ್ಲ. ಬರೀ ಬಾಯಿಮಾತು.

2016ರ ಜುಲೈ 4ಕ್ಕೆ ಮೊದಲ ಪಾವತಿ ಬಂತು. ಅಲ್ಲಿಯವರೆಗೆ ಪೋಸ್ಟಿನ ಕೆಳಗೆ ಬರೀ ಅಂಕಿಯಾಗಿ ಕಾಣುತ್ತಿದ್ದ ಡಾಲರ್ ನಿಜವಾಗಿ ಕೈಗೆ ಸಿಕ್ಕಿತು. ಸುದ್ದಿ ಹಬ್ಬಿತು, ಬೆಲೆ ಕೆಲವೇ ದಿನಗಳಲ್ಲಿ 4 ಡಾಲರ್ ಹತ್ತಿರ ಹೋಯಿತು, ಒಟ್ಟು ಮೌಲ್ಯದ ಪಟ್ಟಿಯಲ್ಲಿ ಬಿಟ್‌ಕಾಯಿನ್, ಈಥೀರಿಯಂ ಬಿಟ್ಟರೆ ಮುಂದಿನದು ಸ್ಟೀಮ್ ಅನ್ನುವ ಹಾಗಾಯಿತು. ಅದೇ ಜುಲೈ 14ಕ್ಕೆ ಹ್ಯಾಕ್ ಕೂಡ ಆಯಿತು, ಸುಮಾರು 260 ಖಾತೆಗಳಿಗೆ ಕನ್ನ ಬಿತ್ತು, ಹೋದದ್ದು 85,000 ಡಾಲರ್ ಆಸುಪಾಸು. ಇಷ್ಟೆಲ್ಲಾ ಹತ್ತೇ ದಿನದಲ್ಲಿ.

ಇಲ್ಲಿ ವೋಟ್ ಹೇಗೆ ಕೆಲಸ ಮಾಡುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು, ಇಲ್ಲದಿದ್ದರೆ ಜನರ ಸಿಟ್ಟು ಅರ್ಥವಾಗಲ್ಲ. ನಿಮ್ಮ ಹತ್ತಿರ ಎಷ್ಟು ‘ಸ್ಟೀಮ್ ಪವರ್’ ಇದೆಯೋ ಅಷ್ಟು ನಿಮ್ಮ ವೋಟಿಗೆ ಬಲ. ಸ್ಟೀಮ್ ಪವರ್ ಅಂದರೆ ಬೀಗ ಹಾಕಿಟ್ಟ ಸ್ಟೀಮ್, ಬೇಕೆಂದ ತಕ್ಷಣ ತೆಗೆಯೋಕೆ ಆಗಲ್ಲ. ಆಗಿನ ನಿಯಮದಲ್ಲಿ ಬಲದ ವರ್ಗಕ್ಕೆ (ಬಲವನ್ನು ಬಲದಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ದುಡ್ಡು. ನನ್ನ ಹತ್ತಿರ 100 ಇದೆ, ನಿಮ್ಮ ಹತ್ತಿರ 10,000 ಇದೆ ಅಂದುಕೊಳ್ಳಿ. ನಿಮ್ಮದು ನನ್ನ ನೂರು ಪಟ್ಟು, ಅಲ್ವಾ? ಆದರೆ ನಾನೊಬ್ಬನೇ ವೋಟ್ ಹಾಕಿದ ಪೋಸ್ಟಿಗೆ ಒಂದು ಪೈಸೆ ಬಂದರೆ, ನೀವೊಬ್ಬರೇ ವೋಟ್ ಹಾಕಿದ ಪೋಸ್ಟಿಗೆ ಬರೋದು ಹತ್ತು ಸಾವಿರ ಪೈಸೆ. ಹಾಗಾಗಿ ದೊಡ್ಡ ಪಾಲಿನವರನ್ನು, ತಿಮಿಂಗಿಲಗಳು ಅಂತ ಕರೆಯುತ್ತಿದ್ದರಲ್ಲ ಅವರನ್ನು, ಬಿಟ್ಟರೆ ಉಳಿದವರ ವೋಟ್ ಹಾಕಿದರೂ ಒಂದೇ ಬಿಟ್ಟರೂ ಒಂದೇ. ಒಳ್ಳೆ ಬರಹ ಬರೆದು ಮೂರು ಸೆಂಟ್ ನೋಡಿಕೊಂಡು ಕೂತವರು, ಪಕ್ಕದಲ್ಲಿ ಮೂರು ಸಾಲಿನ ಪೋಸ್ಟಿಗೆ ಮುನ್ನೂರು ಡಾಲರ್ ನೋಡಿದರೆ ಏನನ್ನಿಸಬೇಡ?

ಜೊತೆಗೆ ಮೊದಮೊದಲು ಸ್ಟೀಮ್ ಸಂಖ್ಯೆ ವರ್ಷಕ್ಕೆ ಸುಮಾರು ಎರಡು ಪಟ್ಟಾಗುವಷ್ಟು ಹೊಸದಾಗಿ ಹುಟ್ಟುತ್ತಿತ್ತು. ಅದರಲ್ಲಿ ಬಹುಪಾಲು ಬೀಗ ಹಾಕಿಟ್ಟವರಿಗೇ ವಾಪಸ್ ಹೋಗುತ್ತಿತ್ತು ನಿಜ, ಆದರೆ ಬೀಗ ತೆಗೆಯೋಕೆ ಬೇಕಾಗಿದ್ದು 104 ವಾರ. ಎರಡು ವರ್ಷ ಕಾಯಬೇಕು ಅಂದರೆ ಹೊಸಬರು ಯಾಕೆ ದುಡ್ಡು ಹಾಕುತ್ತಾರೆ? ಬೆಲೆ ನೆಲ ಕಚ್ಚಿತು. 2016ರ ಡಿಸೆಂಬರ್‌ನಲ್ಲಿ ಹಾರ್ಡ್‌ಫೋರ್ಕ್ (ಚೈನಿನ ನಿಯಮವನ್ನೇ ಬದಲಿಸುವ ಅಪ್‌ಗ್ರೇಡ್) ಮಾಡಿ 104 ವಾರವನ್ನು 13 ವಾರಕ್ಕೆ ಇಳಿಸಿದರು, ಹೊಸ ಸ್ಟೀಮ್ ಹುಟ್ಟುವುದನ್ನು ವರ್ಷಕ್ಕೆ 9.5% ಆಸುಪಾಸಿಗೆ ತಂದರು. ಆ ರಿಪೇರಿ ಆಗಿ ಮೂರೇ ತಿಂಗಳಿಗೆ ಡ್ಯಾನ್ ಹೊರಟಿದ್ದು.

ಡ್ಯಾನ್ ಅಂದರೆ ಯಾರು

ಅವರು ಬಿಟ್ಟು ಹೋಗುತ್ತಾರೆ ಅನ್ನೋದು ಹಳಬರಿಗೆ ಆಶ್ಚರ್ಯ ತಂದಿರಲಾರದು. 2010ರಲ್ಲೇ ಬಿಟ್‌ಕಾಯಿನ್ ವೇದಿಕೆಯಲ್ಲಿ ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಾಕಾಮೊಟೊ ಜೊತೆ ವಾದಕ್ಕಿಳಿದ ಮನುಷ್ಯ ಇವರು. ನಿನಗೆ ನಂಬಿಕೆ ಇಲ್ಲ, ಅರ್ಥವಾಗಲ್ಲ ಅಂದರೆ ಒಪ್ಪಿಸುತ್ತಾ ಕೂರಲು ನನಗೆ ಸಮಯ ಇಲ್ಲ ಅಂತ ಸತೋಶಿ ಹೇಳಿದ ಆ ಪ್ರಸಿದ್ಧ ಮಾತು ಬಂದಿದ್ದು ಇವರಿಗೇ. ಆಮೇಲೆ ಬಿಟ್‌ಶೇರ್ಸ್ ಅನ್ನೋ ಬ್ಲಾಕ್‌ಚೈನ್ ಕಟ್ಟಿದರು, 2014ರಲ್ಲಿ ಅದು ಓಡತೊಡಗಿತು. ಪಾಲುದಾರರು ವೋಟ್ ಹಾಕಿ ಆರಿಸಿದ ಕೆಲವರೇ ಬ್ಲಾಕ್ (ಲೆಕ್ಕದ ಪುಸ್ತಕದ ಹೊಸ ಪುಟ) ತಯಾರಿಸುವ ಪದ್ಧತಿ, ಡಿಪಿಒಎಸ್ ಅಂತಾರಲ್ಲ, ಅದು ಇವರ ಕೊಡುಗೆ. ಬಿಟ್‌ಶೇರ್ಸ್ ಬಿಟ್ಟು ಸ್ಟೀಮ್‌ಗೆ ಬಂದರು. ಸ್ಟೀಮ್ ಬಿಟ್ಟು ಇಒಎಸ್ ಅನ್ನೋ ಇನ್ನೊಂದು ಬ್ಲಾಕ್‌ಚೈನಿಗೆ ಹೋದರು. ಪ್ರತಿ ಸಲವೂ ಹಿಂದಿನದರಲ್ಲಿ ಕಲಿತದ್ದನ್ನು ಮುಂದಿನದಕ್ಕೆ ಹೊತ್ತುಕೊಂಡು ಹೋದರು. ಸ್ಟೀಮ್ ಮೂರು ಸೆಕೆಂಡಿಗೊಂದು ಬ್ಲಾಕ್ ಹಾಕುತ್ತಿದ್ದದ್ದು, ವೋಟಿಗೆ ಕಾಮೆಂಟಿಗೆ ಶುಲ್ಕವೇ ಇಲ್ಲದೆ ನಡೆದದ್ದು, ಎಲ್ಲಾ ಬಿಟ್‌ಶೇರ್ಸ್‌ನಲ್ಲಿ ಪಳಗಿದ ಕೈಯ ಕೆಲಸ.

ಮುಕ್ತ ಮಾರುಕಟ್ಟೆಯ ದಾರಿಯಿಂದಲೇ ಜನರ ಜೀವ, ಸ್ವಾತಂತ್ರ್ಯ, ಆಸ್ತಿ ಕಾಪಾಡುವ ಉಪಾಯ ಹುಡುಕುವುದು ತನ್ನ ಬದುಕಿನ ಗುರಿ ಅಂತ ಅವರು ವರ್ಷಗಳಿಂದ ಬರೆಯುತ್ತಾ ಬಂದಿದ್ದರು. ಅಂಥವರಿಗೆ ಒಂದು ಬರಹದ ತಾಣದ ಲಾಗಿನ್ ಸಮಸ್ಯೆ, ಮೊಬೈಲ್ ಆ್ಯಪ್, ಸ್ಪ್ಯಾಮ್ ಕಾಟ ನೋಡಿಕೊಂಡು ಕೂರೋದು ಬೇಸರ ತರಿಸದೆ ಇರುತ್ತಾ? ಕಟ್ಟುವ ಮನುಷ್ಯ ಬೇರೆ, ನಡೆಸುವ ಮನುಷ್ಯ ಬೇರೆ. ಇದು ನನ್ನ ಊಹೆ, ಆದರೆ ಅವರ ಇಡೀ ಚರಿತ್ರೆ ನೋಡಿದರೆ ತೀರಾ ಕಷ್ಟದ ಊಹೆಯೇನಲ್ಲ.

ಹೋದ ಎರಡು ತಿಂಗಳಿಗೇ, 2017ರ ಮೇನಲ್ಲಿ, ನ್ಯೂಯಾರ್ಕಿನಲ್ಲಿ ಇಒಎಸ್ ಘೋಷಣೆ ಆಯಿತು. ಜೂನ್‌ನಲ್ಲಿ ಟೋಕನ್ (ಅದರ ಕಾಯಿನ್) ಮಾರಾಟ ಶುರು, ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು, ಡ್ಯಾನ್ ಸೇರಿಕೊಂಡು ಇಒಎಸ್ ಕಟ್ಟುತ್ತಿದ್ದ ಬ್ಲಾಕ್.ಒನ್ ಕಂಪನಿಗೆ ಬಂದ ದುಡ್ಡು ಸುಮಾರು 400 ಕೋಟಿ ಡಾಲರ್. ಆ ಕಾಲಕ್ಕೆ ಅಷ್ಟು ದೊಡ್ಡ ಟೋಕನ್ ಮಾರಾಟ ಇನ್ನೊಂದು ಆಗಿರಲಿಲ್ಲ.

ಹೊರಟ ದಿನ ಕೇಳಬೇಕಿದ್ದ ಪ್ರಶ್ನೆ

ಸಂಸ್ಥಾಪಕರು ಹೊರಟರೆ ಜನಕ್ಕೆ ಮೊದಲು ಬರೋ ಭಯ ‘ಅವರ ಕಾಯಿನ್ ಎಲ್ಲಾ ಮಾರಿಬಿಡುತ್ತಾರೆ’ ಅನ್ನೋದು. ಸ್ಟೀಮ್‌ನಲ್ಲಿ ಇದನ್ನು ಕೂತಲ್ಲೇ ನೋಡಬಹುದಿತ್ತು. ಯಾರ ಖಾತೆಯಲ್ಲಿ ಎಷ್ಟಿದೆ, ಯಾರು ‘ಪವರ್ ಡೌನ್’ (ಬೀಗ ತೆಗೆದು ಸ್ಟೀಮ್ ಹೊರತೆಗೆಯುವುದು) ಒತ್ತಿದ್ದಾರೆ, ಮುಂದಿನ ವಾರದ ಕಂತು ಎಷ್ಟು, ಎಲ್ಲಾ ಬಹಿರಂಗ. ಒಬ್ಬರು ಎಷ್ಟೇ ಅವಸರ ಮಾಡಿದರೂ 13 ವಾರಕ್ಕೆ ಹಂಚಿಯೇ ಬರಬೇಕು. ಅಂದರೆ ವ್ಯಕ್ತಿಯ ಪಾಲಿನ ಮಟ್ಟಿಗೆ ಚೈನಿನಲ್ಲೇ ಒಂದು ಕಡಿವಾಣ ಇತ್ತು. ಇದು ಒಳ್ಳೆ ವಿನ್ಯಾಸ, ಅದರ ಶ್ರೇಯಸ್ಸೂ ಡ್ಯಾನ್‌ಗೇ ಸಲ್ಲಬೇಕು.

ಕಂಪನಿಯ ಪಾಲಿಗೆ ಅಂಥದ್ದು ಸಾಲುತ್ತಿರಲಿಲ್ಲ. ನಮ್ಮ ಓಣಿಗಳಲ್ಲಿ ಚೀಟಿ ನಡೆಯುತ್ತಲ್ಲ, ಲೆಕ್ಕ ಬರೆಯುತ್ತಿದ್ದವರು ಊರು ಬಿಟ್ಟರೆ ಎಲ್ಲರೂ ಲೆಕ್ಕದ ಪುಸ್ತಕ ಎಲ್ಲಿ ಅಂತ ಹುಡುಕುತ್ತಾರೆ, ದುಡ್ಡು ಇಟ್ಟುಕೊಂಡವರು ಪಕ್ಕದ ಮನೆಯಲ್ಲೇ ಇದ್ದಾರೆ ಅಂತ ಯಾರಿಗೂ ಹೊಳೆಯಲ್ಲ. ಇಲ್ಲೂ ಹಾಗೇ ಆಯಿತು. ಕೋಡ್ ಯಾರು ಬರೆಯುತ್ತಾರೆ, ಡ್ಯಾನ್ ಇಲ್ಲದೆ ಹಾರ್ಡ್‌ಫೋರ್ಕ್ ಆಗುತ್ತಾ ಅನ್ನೋದೇ ಚಿಂತೆ. ಅದಕ್ಕೆ ಉತ್ತರ ಬೇಗ ಸಿಕ್ಕಿತು. ಆಗುತ್ತೆ. ಜೂನ್ 2017ರಲ್ಲಿ 19ನೇ ಹಾರ್ಡ್‌ಫೋರ್ಕ್ ಬಂತು, ಆ ವರ್ಗದ ಲೆಕ್ಕ ಹೋಗಿ ಪಾಲು ಎಷ್ಟೋ ಬಲ ಅಷ್ಟೇ ಅಂತಾಯಿತು. ಸಣ್ಣವರ ವೋಟಿಗೂ ಮೊದಲ ಸಲ ಸ್ವಲ್ಪ ತೂಕ ಬಂತು. (ಅದರ ಬೆನ್ನಿಗೇ ದುಡ್ಡು ಕೊಟ್ಟರೆ ವೋಟ್ ಹಾಕುವ ಬಾಟ್‌ಗಳು ತುಂಬಿಕೊಂಡವು. ಅದು ಇನ್ನೊಂದು ರಾಮಾಯಣ.)

ಹಾಗಾದರೆ ಕೇಳಬೇಕಿದ್ದ ಪ್ರಶ್ನೆ ಯಾವುದು? ಚೈನ್ ನಡೆಸುವವರನ್ನು ಸ್ಟೀಮ್‌ನಲ್ಲಿ ‘ವಿಟ್ನೆಸ್’ ಅಂತಾರೆ. ಜಾಸ್ತಿ ವೋಟ್ ಬಿದ್ದ 20 ಜನ ಕಾಯಂ, ಒಂದು ಜಾಗ ಉಳಿದವರಿಗೆ ಸರದಿಯಂತೆ. ಯಾವ ಹಾರ್ಡ್‌ಫೋರ್ಕ್ ಜಾರಿಯಾಗಬೇಕಾದರೂ ಇವರಲ್ಲಿ 17 ಜನ ಒಪ್ಪಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಒಂದು ಖಾತೆ 30 ವಿಟ್ನೆಸ್‌ಗಳಿಗೆ ವೋಟ್ ಹಾಕಬಹುದು, ಮೂವತ್ತಕ್ಕೂ ತನ್ನ ಪೂರ್ತಿ ಬಲ ಸಿಗುತ್ತೆ, ಹಂಚಿಹೋಗಲ್ಲ. ಈಗ ಲೆಕ್ಕ ಹಾಕಿ. ವೋಟ್ ಹಾಕುವವರೇ ಕಡಿಮೆ ಇರುವ ಕಡೆ, ಒಬ್ಬರ ಹತ್ತಿರ ಐದನೇ ಒಂದು ಭಾಗ ಇದ್ದರೂ ಸಾಕು, 20ಕ್ಕೆ 20 ಕುರ್ಚಿಯಲ್ಲೂ ಅವರು ಹೇಳಿದವರೇ ಕೂರಬಹುದು. ಕಂಪನಿ ಹತ್ತಿರ ಅಷ್ಟು ಯಾವಾಗಲೂ ಇತ್ತು. ಅದು ವೋಟ್ ಹಾಕಲ್ಲ ಅನ್ನೋ ಬಾಯಿಮಾತಿನ ಮೇಲೆಯೇ ಈ ಇಡೀ ‘ವಿಕೇಂದ್ರೀಕರಣ’ ನಿಂತಿತ್ತು.

ಇಬ್ಬರು ಸಂಸ್ಥಾಪಕರು ಇರುವವರೆಗೆ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಾದರೂ ಇರುತ್ತೆ. ಒಬ್ಬರು ಹೋದ ಮೇಲೆ ಆ ಮಾತನ್ನು ಉಳಿಸುವುದೋ ಮುರಿಯುವುದೋ ಇನ್ನೊಬ್ಬರ ಇಷ್ಟ. ಕಂಪನಿ ಪಾಲಿಗೆ ವಿಟ್ನೆಸ್ ವೋಟ್ ಇಲ್ಲ ಅಂತ ಕೋಡ್‌ನಲ್ಲಿ ಬರೆಸಿಕೊಳ್ಳುವುದಕ್ಕೆ 2017ರ ಬೇಸಿಗೆಗಿಂತ ಒಳ್ಳೆ ಸಮಯ ಇರಲಿಲ್ಲ. ಹಾರ್ಡ್‌ಫೋರ್ಕ್ ಹೇಗೂ ಬರುತ್ತಿತ್ತು, ವಿಟ್ನೆಸ್‌ಗಳು ಸಮುದಾಯದವರೇ, ಕಂಪನಿಗೆ ಆಗ ಜನರ ವಿಶ್ವಾಸ ಬೇಕಾಗಿತ್ತು. ಆಗಲಿಲ್ಲ. ಬೆಲೆ ಏರುವಾಗ ಇಂಥ ತಕರಾರು ಯಾರಿಗೆ ಬೇಕು ಹೇಳಿ.

ಸತೋಶಿ ಜೊತೆ ಹೋಲಿಸುವವರು ತುಂಬಾ ಜನ. ಸತೋಶಿಯೂ ಹೋದರು, 2010ರ ಡಿಸೆಂಬರ್ ಆದ ಮೇಲೆ ವೇದಿಕೆಯಲ್ಲಿ ಬರೆಯಲಿಲ್ಲ, ಬಿಟ್‌ಕಾಯಿನ್ ಬೆಳೆಯಿತು, ಹಾಗಾಗಿ ಸಂಸ್ಥಾಪಕರು ಹೋಗೋದೇ ಒಳ್ಳೇದು ಅನ್ನೋ ವಾದ. ಆದರೆ ಸತೋಶಿಯದು ಅಂತ ಎಲ್ಲರೂ ನಂಬುವ ಕಾಯಿನ್‌ಗಳು ಇವತ್ತಿಗೂ ಅಲುಗಾಡಿಲ್ಲ, ಬಿಟ್‌ಕಾಯಿನ್ ಇಟ್ಟುಕೊಂಡ ಮಾತ್ರಕ್ಕೆ ಚೈನ್ ನಡೆಸುವ ವೋಟೂ ಸಿಗಲ್ಲ, ಅವರ ಹಿಂದೆ ಆ ಪಾಲು ಹಿಡಿದುಕೊಂಡ ಕಂಪನಿಯೂ ಇರಲಿಲ್ಲ. ಸ್ಟೀಮ್‌ನಲ್ಲಿ ಈ ಮೂರೂ ಉಲ್ಟಾ.

ಆಮೇಲೆ ಆದದ್ದು

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. 2017ರ ಕೊನೆಗೆ ನೆಡ್ ಸ್ಕಾಟ್ ‘ಸ್ಮಾರ್ಟ್ ಮೀಡಿಯಾ ಟೋಕನ್’ ಅನ್ನೋ, ಬೇರೆ ತಾಣಗಳೂ ಸ್ಟೀಮ್ ಮೇಲೆ ತಮ್ಮದೇ ಟೋಕನ್ ಮಾಡಿಕೊಳ್ಳುವ ದೊಡ್ಡ ಯೋಜನೆ ಹಿಡಿದು ಓಡಾಡುತ್ತಿದ್ದರು, ಅವರ ಕಾಲದಲ್ಲಿ ಅದು ಚೈನಿಗೆ ಬರಲೇ ಇಲ್ಲ. 2018ರ ಜನವರಿಯಲ್ಲಿ ಬೆಲೆ 8 ಡಾಲರ್ ಹತ್ತಿರ ಹೋಗಿ ಅಲ್ಲಿಂದ ಜಾರಿತು. ಸೆಪ್ಟೆಂಬರ್‌ನ 20ನೇ ಹಾರ್ಡ್‌ಫೋರ್ಕ್ ಆದ ಮೇಲೆ ಎಷ್ಟೋ ಜನ ಕೆಲವು ದಿನ ಒಂದು ಕಾಮೆಂಟ್ ಹಾಕೋಕೂ ಆಗದೆ ಒದ್ದಾಡಿದರು. ನವೆಂಬರ್‌ನಲ್ಲಿ ಕಂಪನಿ ಸುಮಾರು 70% ನೌಕರರನ್ನು ಮನೆಗೆ ಕಳಿಸಿತು. ಖರ್ಚಿಗೆ ಸ್ಟೀಮ್ ಮಾರಿಯೇ ನಡೆಸುತ್ತಿದ್ದ ಕಂಪನಿ ಅದು, ಬೆಲೆ ಬಿದ್ದರೆ ಸಂಬಳಕ್ಕೂ ಕಷ್ಟ.

ನಮ್ಮ ದೇಶದಲ್ಲಿ ಸ್ಟೀಮ್ ಗಳಿಸಿದವರಿಗೆ ಇನ್ನೊಂದು ತಲೆನೋವು. ಸ್ಟೀಮನ್ನು ಹೊರಗಿನ ಎಕ್ಸ್‌ಚೇಂಜಿನಲ್ಲಿ ಬಿಟ್‌ಕಾಯಿನ್ ಮಾಡಿ, ಅದನ್ನು ಬೆಂಗಳೂರಿನ ಯುನೋಕಾಯಿನ್ ತರಹದ ಕಡೆ ತಂದು ರೂಪಾಯಿ ಮಾಡಿಕೊಳ್ಳುವುದು ಒಂದು ದಾರಿಯಾಗಿತ್ತು. 2018ರ ಏಪ್ರಿಲ್‌ನಲ್ಲಿ ಆರ್‌ಬಿಐ, ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಅಲ್ಲಿಂದ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ಕ್ಕೆ ಅದನ್ನು ರದ್ದು ಮಾಡುವವರೆಗೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ವಿಚಿತ್ರ ನೋಡಿ, ತೀರ್ಪು ಬಂದ ಆ ವಾರವೇ ಸ್ಟೀಮ್‌ನಲ್ಲಿ ದೊಡ್ಡ ಗಲಾಟೆ.

2020ರ ಫೆಬ್ರವರಿ 14ಕ್ಕೆ ನೆಡ್ ಸ್ಕಾಟ್ ಸ್ಟೀಮಿಟ್ ಕಂಪನಿಯನ್ನು ಟ್ರಾನ್ ಅನ್ನೋ ಇನ್ನೊಂದು ಬ್ಲಾಕ್‌ಚೈನಿನ ಸಂಸ್ಥಾಪಕ ಜಸ್ಟಿನ್ ಸನ್‌ಗೆ ಮಾರಿದರು ಅನ್ನೋ ಸುದ್ದಿ ಬಂತು. ಕಂಪನಿ ಜೊತೆ ನಿಂಜಾ ಮೈನಿಂಗ್‌ನ ಪಾಲೂ ಹೋಯಿತು, ಆಗ ಅದು ಒಟ್ಟು ಸ್ಟೀಮ್‌ನ ಸುಮಾರು ಐದನೇ ಒಂದು ಭಾಗ. ಬಾಯಿಮಾತು ಮಾತ್ರ ಜೊತೆಗೆ ಹೋಗಲಿಲ್ಲ. ಗಾಬರಿ ಬಿದ್ದ ವಿಟ್ನೆಸ್‌ಗಳು ಫೆಬ್ರವರಿ 23ಕ್ಕೆ ಸಾಫ್ಟ್‌ಫೋರ್ಕ್ (ಚೈನ್ ಒಡೆಯದ ಸಣ್ಣ ನಿಯಮ ಬದಲಾವಣೆ) ಮಾಡಿ ಆ ಪಾಲನ್ನು ಅಲುಗಾಡದಂತೆ ತಡೆದರು. ಮಾರ್ಚ್ 2ಕ್ಕೆ ಬೈನಾನ್ಸ್, ಹುವೋಬಿ, ಪೊಲೊನಿಎಕ್ಸ್ ಎಕ್ಸ್‌ಚೇಂಜುಗಳು ಗ್ರಾಹಕರು ಇಟ್ಟಿದ್ದ ಸ್ಟೀಮನ್ನೇ ಪವರ್ ಅಪ್ ಮಾಡಿ (ಬೀಗ ಹಾಕಿ ಸ್ಟೀಮ್ ಪವರ್ ಆಗಿಸಿ) ಸನ್ ಕಡೆಯವರಿಗೆ ವೋಟ್ ಹಾಕಿದವು. ನೋಡುನೋಡುತ್ತಿದ್ದಂತೆ 20 ವಿಟ್ನೆಸ್‌ಗಳೂ ಬದಲಾದರು. ಮೂವತ್ತು ವೋಟಿನ ಆ ನಿಯಮ ಏನು ಮಾಡಬಲ್ಲದು ಅಂತ ಅವತ್ತು ಎಲ್ಲರಿಗೂ ಕಂಡಿತು. ಇದು ಮಾಮೂಲಿ ಅಪ್‌ಗ್ರೇಡ್ ಅಂದುಕೊಂಡಿದ್ದೆವು ಅಂತ ಬೈನಾನ್ಸ್ ಮುಖ್ಯಸ್ಥರು ಆಮೇಲೆ ಹೇಳಿ ವೋಟ್ ವಾಪಸ್ ತೆಗೆದುಕೊಂಡರು. ಆದರೆ ಪವರ್ ಅಪ್ ಆದದ್ದಕ್ಕೆ 13 ವಾರದ ಬೀಗ ಇತ್ತಲ್ಲ, ಆ ಸ್ಟೀಮ್ ಸುಲಭಕ್ಕೆ ಹೊರಗೆ ಬರುವ ಹಾಗಿರಲಿಲ್ಲ.

ಸಮುದಾಯ ವೋಟ್ ಒಟ್ಟು ಮಾಡಿ ಕೆಲವು ಕುರ್ಚಿ ಮತ್ತೆ ಗೆದ್ದಿತು, 17 ಮಾತ್ರ ಎರಡೂ ಕಡೆಗೆ ಸಿಗಲಿಲ್ಲ. ಮಾರ್ಚ್ 20ಕ್ಕೆ ಸಮುದಾಯದವರು ಸ್ಟೀಮ್ ಬಿಟ್ಟು ಹೈವ್ ಅಂತ ಹೊಸ ಚೈನ್ ಶುರು ಮಾಡಿದರು. ಸ್ಟೀಮ್ ಇದ್ದ ಬಹುತೇಕ ಎಲ್ಲರಿಗೂ ಅಷ್ಟೇ ಹೈವ್ ಸಿಕ್ಕಿತು, ಸ್ಟೀಮಿಟ್ ಕಂಪನಿಗೆ ಸಿಗಲಿಲ್ಲ. ನಾಲ್ಕು ವರ್ಷದಿಂದ ಬಾಯಿಮಾತಲ್ಲಿದ್ದ ‘ಇದು ಎಲ್ಲರ ಅಭಿವೃದ್ಧಿಗೆ’ ಅನ್ನೋ ಪಾಲು ಹೈವ್‌ನಲ್ಲಿ ನಿಜವಾಗಿ ಸಮುದಾಯದ ನಿಧಿಗೆ ಹೋಯಿತು. ಹಳೆ ಸ್ಟೀಮ್‌ನಲ್ಲಿ ಉಳಿದ ಸನ್ ಕಡೆಯವರು ಮೇ 20ಕ್ಕೆ ಇನ್ನೊಂದು ಹಾರ್ಡ್‌ಫೋರ್ಕ್ ಮಾಡಿ 64 ಖಾತೆಗಳಿಂದ ಸುಮಾರು 2.36 ಕೋಟಿ ಸ್ಟೀಮ್ ಕಿತ್ತುಕೊಂಡರು. ಇಂಥದ್ದು ಆಗಲ್ಲ ಅಂತಲೇ ಅಲ್ವಾ ಜನ ಬ್ಲಾಕ್‌ಚೈನಿಗೆ ಬಂದಿದ್ದು?

ಇದರಲ್ಲಿ ಡ್ಯಾನ್ ತಪ್ಪೆಷ್ಟು? ಹೋದದ್ದು ತಪ್ಪಲ್ಲ, ಯಾರೂ ಯಾವ ಕಂಪನಿಗೂ ಜೀವಮಾನಕ್ಕೆ ಬರೆದುಕೊಟ್ಟಿರಲ್ಲ. ಮೂವತ್ತು ವೋಟಿನ ನಿಯಮ ಅವರ ವಿನ್ಯಾಸದ್ದು, ನಿಂಜಾ ಮೈನಿಂಗ್ ಅವರು ಸಿಟಿಒ ಆಗಿದ್ದಾಗಿನದು. ಈ ಎರಡನ್ನೂ ಹಾಗೇ ಬಿಟ್ಟು ಎದ್ದು ಹೋದರು ಅನ್ನೋದು ನನ್ನ ದೂರು. ನೆಡ್ ಸ್ಕಾಟ್ ತಪ್ಪು ಅದಕ್ಕಿಂತ ಜಾಸ್ತಿ, ಮಾತು ಕೊಟ್ಟದ್ದನ್ನೇ ಮಾರಿದವರು ಅವರು. ಆದರೆ ಮೂರು ವರ್ಷ ವಿಟ್ನೆಸ್ ಕುರ್ಚಿಯಲ್ಲಿ ಕೂತು, ದುಡ್ಡೂ ತೆಗೆದುಕೊಂಡು, ಈ ತೂತು ಮುಚ್ಚದವರನ್ನು ಸುಮ್ನೆ ಬಿಡೋದು ಹೇಗೆ?

ಡ್ಯಾನ್ ಕತೆ ಅಲ್ಲಿಗೆ ಮುಗಿಯಲಿಲ್ಲ. ಬ್ಲಾಕ್.ಒನ್ 2019ರಲ್ಲಿ ವಾಯ್ಸ್ ಅಂತ ಇನ್ನೊಂದು ಸೋಷಿಯಲ್ ಮೀಡಿಯಾ ಘೋಷಿಸಿತು, ಅದು ನಿಲ್ಲಲಿಲ್ಲ. 2021ರ ಜನವರಿಯಲ್ಲಿ ಡ್ಯಾನ್ ಬ್ಲಾಕ್.ಒನ್ ಬಿಟ್ಟ ಸುದ್ದಿ ಬಂತು. ಮತ್ತೆ ಅದೇ ಚಿತ್ರ: ತಲೆ ಹೋಯಿತು, ಕಂಪನಿ ಉಳಿಯಿತು, ಕಂಪನಿ ಹೆಸರಲ್ಲಿ ದೊಡ್ಡ ಪಾಲು. ಇಲ್ಲಿ ಆ ಪಾಲು 10 ಕೋಟಿ ಇಒಎಸ್, ಒಟ್ಟಿನ 10%. ಆದರೆ ಒಂದು ವ್ಯತ್ಯಾಸ ಇತ್ತು. ಈ ಪಾಲು ಒಂದೇ ಸಲ ಕಂಪನಿ ಕೈಗೆ ಬಂದಿರಲಿಲ್ಲ, ಹತ್ತು ವರ್ಷಕ್ಕೆ ಹಂಚಿ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಆಗಬೇಕು ಅಂತ ಚೈನಿನಲ್ಲೇ ಬರೆದಿತ್ತು. 2021ರ ಡಿಸೆಂಬರ್‌ನಲ್ಲಿ ಇಒಎಸ್‌ನ ಬ್ಲಾಕ್ ಪ್ರೊಡ್ಯೂಸರ್‌ಗಳು (ಅಲ್ಲಿನ ವಿಟ್ನೆಸ್‌ಗಳು), ಕಂಪನಿ ಹೇಳಿದ ಕೆಲಸ ಮಾಡಿಲ್ಲ ಅಂತ, ಒಟ್ಟಾಗಿ ವೋಟ್ ಹಾಕಿ ಇನ್ನೂ ಬಿಡುಗಡೆ ಆಗದ ಸುಮಾರು 6.7 ಕೋಟಿ ಇಒಎಸ್ ಕೊಡುವುದನ್ನು ನಿಲ್ಲಿಸಿದರು. ಚೈನ್ ಒಡೆಯಲಿಲ್ಲ, ಯಾರೂ ಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗಬೇಕಾಗಲಿಲ್ಲ, ಕಂಪನಿಗೆ ಹೋಗುತ್ತಿದ್ದ ಕಂತು ನಿಂತಿತು.